ಆಟ ಕಟ್ ಆದ್ರೆ ತಪ್ಪು ನಮ್ಮ ಫೋನಿಂದಾ?

ಹೊಸೂರು ಗಡಿಯ ಗೆಳೆಯರೇ, ಜೂಜುವಾಡಿಯಲ್ಲಿ ಕೂತು ಬಿಜಿಎಂಐ ಆಡ್ತೀವಿ. ಕೊನೇ ಝೋನ್‌ಗೆ ಬಂದಾಗಲೇ 'ರೀಕನೆಕ್ಟಿಂಗ್'! ಟೀಮ್‌ನವರು ನಮ್ಮನ್ನ ಬೈತಾರೆ, ನಾವು ಫೋನನ್ನ ಬೈತೀವಿ. ಆದ್ರೆ ಗಡಿಯಲ್ಲಿ ಇನ್ನೊಂದು ಕಾರಣ ಇದೆ. ಅತ್ತಿಬೆಲೆಯ ಟವರ್ ಕರ್ನಾಟಕ ಸರ್ಕಲ್‌ದು, ಹೊಸೂರಿನದು ತಮಿಳುನಾಡು ಸರ್ಕಲ್‌ದು. ಫೋನ್ ಅಲ್ಲಿಂದ ಇಲ್ಲಿಗೆ ಜಿಗಿದಾಗ ಡೇಟಾ ಕಡಿದು ಐಪಿ ವಿಳಾಸ ಬದಲಾಗುತ್ತೆ, ಆಟದಿಂದ ಹೊರಗೆ ಬೀಳ್ತೀವಿ. ಸೆಟ್ಟಿಂಗ್ಸ್‌ನಲ್ಲಿ ಆಟೋಮ್ಯಾಟಿಕ್ ನೆಟ್‌ವರ್ಕ್ ಆಫ್ ಮಾಡಿ, ನಿಮ್ಮ ಸಿಮ್‌ನ ಸರ್ಕಲ್ ಒಂದನ್ನೇ ಆರಿಸಿ.

ಇದು ತೇಪೆ ಅಷ್ಟೇ. ರೀಚಾರ್ಜ್ ದುಡ್ಡು ಪೂರ್ತಿ ತಗೊಂಡು "ಗಡಿ ಅಲ್ವಾ, ಹಾಗೇನೇ" ಅಂದ್ರೆ ನಾವು ಒಪ್ಪಬಾರದು. ಕನ್ನಡದಲ್ಲೇ ದೂರು ಕೊಡಿ, ಡಾಕೆಟ್ ನಂಬರ್ ಇಟ್ಕೊಳ್ಳಿ. ಪರಿಹಾರ ಸಿಗದಿದ್ರೆ 30 ದಿನದೊಳಗೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಿ. ಒಬ್ಬರಲ್ಲ, ಊರಿನ ಹುಡುಗರೆಲ್ಲ ಕೊಡೋಣ. ಗಡಿ ಭೂಪಟದಲ್ಲಿರಲಿ, ನಮ್ಮ ಸಿಗ್ನಲ್‌ನಲ್ಲಿ ಬೇಡ!