ಹೆರಿಗೆ ಹೊತ್ತಿನಲ್ಲಿ ನೀರೆಷ್ಟು?

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಗೆ ಸಿದ್ಧ, ಬಸವ ಎಂಬ ಎರಡು ನಾಲೆಗಳಿವೆ. ನಾಲೆಗಳ ತೂಬು ಮುಚ್ಚಿ, ಹರಿದ್ರಾ ಹಳ್ಳದ ನೀರು ಬರುತ್ತಲೇ ಇದ್ದರೆ ಕೆರೆಯ ಮಟ್ಟ ಏರಲೇಬೇಕಷ್ಟೆ.

ದೇಹದ ತೂಬು ಮೂತ್ರಪಿಂಡ. ಹೆರಿಗೆಯ ಹೊತ್ತಿನಲ್ಲಿ ಅದು ಅರ್ಧ ಮುಚ್ಚಿದಂತೆಯೇ ಸರಿ. ಗರ್ಭಕೋಶವನ್ನು ಸಂಕುಚಿಸುವ ಆಕ್ಸಿಟೋಸಿನ್ ಹಾರ್ಮೋನಿಗೆ ಮೂತ್ರವನ್ನು ತಗ್ಗಿಸುವ ಗುಣವೂ ಉಂಟು. ಆಗ 'ಸುಸ್ತಾಗುತ್ತೆ, ಕುಡಿಯಮ್ಮಾ' ಎಂದು ಮನೆಯವರು ಚೊಂಬುಗಟ್ಟಲೆ ನೀರು ಕುಡಿಸಿದರೆ ರಕ್ತದ ಸೋಡಿಯಂ ತೆಳುವಾಗುತ್ತದೆ. ನೀರು ಮಿದುಳಿನ ಜೀವಕೋಶಗಳಿಗೆ ನುಗ್ಗಿ ಅವು ಊದಿಕೊಳ್ಳುತ್ತವೆ. ಮೊದಲು ತಲೆನೋವು, ವಾಂತಿ. ಬಳಿಕ ಗೊಂದಲ, ಫಿಟ್ಸ್. ಇದನ್ನು ಬಸುರಿನ ನಂಜೆಂದು ತಪ್ಪಾಗಿ ತಿಳಿಯುವ ಸಂಭವವೂ ಇದೆ. ಕೂಸಿನ ರಕ್ತದಲ್ಲೂ ಸೋಡಿಯಂ ಇಳಿಯುತ್ತದೆ.

ಸ್ವೀಡನ್ನಿನಲ್ಲಿ 287 ಗರ್ಭಿಣಿಯರನ್ನು ಗಮನಿಸಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಎರಡೂವರೆ ಲೀಟರಿಗಿಂತ ಹೆಚ್ಚು ದ್ರವ ಪಡೆದ 61 ಮಂದಿಯಲ್ಲಿ 16 ಮಂದಿಗೆ ಸೋಡಿಯಂ ಕುಸಿದಿತ್ತು. ಆ ದ್ರವದ ಬಹುಪಾಲು ಬಾಯಿಂದಲೇ ಕುಡಿದದ್ದು!

ಹಾಗೆಂದು ನೀರನ್ನೇ ನಿಲ್ಲಿಸಬಾರದು. ಬಾಯಾರಿದಷ್ಟು, ಗುಟುಕು ಗುಟುಕಾಗಿ ಸಾಕು. ನೀರು, ಎಳನೀರು, ಡ್ರಿಪ್ಪು ಎಲ್ಲವೂ ಒಂದೇ ಲೆಕ್ಕಕ್ಕೆ ಸೇರಬೇಕು. ಒಳಹೋದದ್ದೆಷ್ಟು, ಮೂತ್ರವಾಗಿ ಹೊರಬಂದದ್ದೆಷ್ಟು ಎಂಬುದು ದಾದಿಗೆ ತಿಳಿದಿರಲಿ. ತೂಬು ನೋಡದೆ ಕೆರೆ ತುಂಬಿಸುವುದು ಜಾಣತನವಲ್ಲ.