ಆಕಾಶ್ ಬಂತು, ನಮ್ಮ ಅಕ್ಷರ ಎಲ್ಲಿ?

2011ರ ಅಕ್ಟೋಬರ್ 5ರಂದು ದೆಹಲಿಯಲ್ಲಿ ಕೇಂದ್ರ ಸಚಿವ ಕಪಿಲ್ ಸಿಬಲ್ ಅವರು ‘ಆಕಾಶ್’ ಎಂಬ ಟ್ಯಾಬ್ಲೆಟ್ ಕಂಪ್ಯೂಟರ್ ಬಿಡುಗಡೆ ಮಾಡಿದರು. 500 ವಿದ್ಯಾರ್ಥಿಗಳ ಕೈಗೆ ಅಲ್ಲೇ ಕೊಟ್ಟರು. ಮರುದಿನ ನಾನು ಪೇಪರ್ ಓದಿ ಮನೆಯಲ್ಲಿ ಹೇಳಿದಾಗ ನಮ್ಮ ದಾದಿ, “ಆಸ್ಮಾನವನ್ನೂ ಮಾರೋಕೆ ಶುರು ಮಾಡಿದ್ರಾ? ಎಷ್ಟಂತೆ?” ಎಂದು ಉರ್ದುವಿನಲ್ಲಿ ಕೇಳಿ ನಕ್ಕರು.

2,276 ರೂಪಾಯಿ. ಡೇಟಾವಿಂಡ್ ಎಂಬ ಕಂಪನಿಯಿಂದ ಸರ್ಕಾರ ಆಗ ಕೊಳ್ಳುತ್ತಿದ್ದ ಬೆಲೆ ಇದು. ವಿದ್ಯಾರ್ಥಿಗಳಿಗೆ ಸಬ್ಸಿಡಿ ಕಳೆದು ಇನ್ನೂ ಕಡಿಮೆಗೆ ಸಿಗುತ್ತಿತ್ತಂತೆ. 2011ರಲ್ಲಿ ನಮ್ಮ ದೇಶಕ್ಕೆ ಬಂದ ಐಪ್ಯಾಡ್ 2ರ ಬೆಲೆ ಆಗ 29,500ರಿಂದ ಶುರುವಾಗುತ್ತಿತ್ತು. ಅಂದರೆ ಒಂದು ಐಪ್ಯಾಡಿನ ದುಡ್ಡಿಗೆ ಹೆಚ್ಚುಕಡಿಮೆ 13 ಆಕಾಶ್. (ಐಪ್ಯಾಡ್ ತಂದ ಸ್ಟೀವ್ ಜಾಬ್ಸ್ ತೀರಿಕೊಂಡದ್ದೂ ಅಕ್ಟೋಬರ್ 5ರಂದೇ.) ಆದರೂ 2,276 ಎಂದರೆ ನಮ್ಮ ಅಬ್ಬಾ ಪವರ್‌ಲೂಮಿನಲ್ಲಿ ದುಡಿದು ತರುವ ಎರಡು ವಾರದ ಮಜೂರಿ. ಹಾಗಾಗಿ ಕಾಮರ್ಸ್ ಓದುವ ನಾನು ಕೇಳಬೇಕಾದ ಪ್ರಶ್ನೆ, ಈ ಖರ್ಚಿಗೆ ನಮಗೆ ಸಿಗುವುದೇನು?

ಏಳು ಇಂಚಿನ ಪರದೆ, 256 ಎಂಬಿ ರ್‍ಯಾಮ್, ವೈ-ಫೈ, 2 ಜಿಬಿ ಮೆಮೊರಿ ಕಾರ್ಡ್. ಬ್ಯಾಟರಿ ಮೂರು ತಾಸು ಬರುತ್ತಿತ್ತಂತೆ. ಬನಹಟ್ಟಿಯಲ್ಲಿ ಕರೆಂಟ್ ಹೋದರೆ ಮಗ್ಗಗಳ ಸದ್ದು ಒಮ್ಮೆಲೇ ನಿಂತು ಇಡೀ ಓಣಿಗೆ ಗೊತ್ತಾಗುತ್ತದೆ. ಮೂರು ತಾಸು ಸಾಕೋ ಬೇಡವೋ ನೀವೇ ಲೆಕ್ಕ ಹಾಕಿ. ವೈ-ಫೈ ನಮ್ಮ ಕಾಲೇಜಿನಲ್ಲಿ ಇಲ್ಲ. ಇವೆಲ್ಲ ಇಂದಲ್ಲ ನಾಳೆ ಸರಿಹೋಗಬಹುದು. ನನ್ನ ತಕರಾರು ಬೇರೆ.

ಆಕಾಶ್‌ನಲ್ಲಿ ಆಗ ಇದ್ದುದು ಆಂಡ್ರಾಯ್ಡ್ 2.2. ಅದರಲ್ಲಿ ಕನ್ನಡ ಅಕ್ಷರ ತೋರಿಸುವ ವ್ಯವಸ್ಥೆ ಇಲ್ಲ. ಕನ್ನಡದ ಪುಟ ತೆಗೆದರೆ ಸಾಲು ಸಾಲು ಖಾಲಿ ಡಬ್ಬಿಗಳು ಕಾಣುತ್ತವೆ. ಉರ್ದುವಿನ ಪಾಡೂ ಅಷ್ಟೇ. ಅದರ ಅಕ್ಷರಗಳು ಒಂದಕ್ಕೊಂದು ಕೂಡಿಕೊಂಡರೇ ಓದಲು ಬರುವುದು, ಇಲ್ಲಿ ಅವು ಸರಿಯಾಗಿ ಕೂಡುವುದಿಲ್ಲ.

ಇದನ್ನು ಹೇಳಿದರೆ ಗೆಳೆಯರು, “ಇಂಗ್ಲಿಷ್ ಕಲಿ, ಮುಂದೆ ಎಲ್ಲಾ ಇಂಗ್ಲಿಷೇ” ಎನ್ನುತ್ತಾರೆ. ಕಲಿಯುತ್ತಿದ್ದೇನೆ. ಆದರೆ ನಾನು ಹತ್ತನೇ ತರಗತಿವರೆಗೆ ಓದಿದ್ದು ಉರ್ದು ಮಾಧ್ಯಮದಲ್ಲಿ. ಈಗ ಪರೀಕ್ಷೆ ಬರೆಯುವುದು ಕನ್ನಡದಲ್ಲಿ. ಲೈಬ್ರರಿಯ ಒಳ್ಳೆಯ ಪುಸ್ತಕಗಳು ಇಂಗ್ಲಿಷಿನಲ್ಲಿ. ಡಿಪ್ರಿಸಿಯೇಷನ್ ಅಂದರೆ ಸವಕಳಿ ಎಂದು ತಿಳಿಯಲು ನನಗೆ ಒಂದು ವಾರ ಬೇಕಾಯಿತು. ಆದರೆ ರೋಜು ಕೀರ್ದಿ ಎಂದಾಗ ಬೆಂಚಿನಲ್ಲಿ ನೆಟ್ಟಗೆ ಕುಳಿತೆ. ರೋಜ್ ಅಂದರೆ ದಿನ, ಅದು ನಮ್ಮ ಮನೆಯ ಮಾತು! ಆಮೇಲೆ ಜಮಾ, ಖರ್ಚು, ಬಾಕಿ, ಅಸಲು, ವಸೂಲಿ, ಎಲ್ಲವೂ ಮನೆಯವೇ. ಕನ್ನಡದ ಲೆಕ್ಕದ ಪುಸ್ತಕದಲ್ಲಿ ಇಷ್ಟೊಂದು ನೆಂಟರು ಇದ್ದಾರೆಂದು ನನಗೆ ಯಾರೂ ಮೊದಲೇ ಹೇಳಿರಲಿಲ್ಲ.

ನನ್ನ ಜೊತೆ ಹತ್ತನೇ ಪಾಸಾದ ಗೆಳತಿಯೊಬ್ಬಳು ಪಿಯುಸಿಗೆ ಸೇರಿ ಮೂರೇ ತಿಂಗಳಲ್ಲಿ ಬಿಟ್ಟಳು. ಅಂಕ ನನಗಿಂತ ಹೆಚ್ಚಿದ್ದವು. “ಪಾಠ ಕಿವಿಗೆ ಬೀಳುತ್ತದೆ, ಒಳಗೆ ಹೋಗುವುದಿಲ್ಲ” ಎಂದಳು. ಈಗ ಮನೆಯಲ್ಲಿ ಕಂಡಿಕೆ ಸುತ್ತುತ್ತಾಳೆ. ಅವಳ ಕೈಗೆ ಆಕಾಶ್ ಪುಕ್ಕಟೆ ಕೊಟ್ಟಿದ್ದರೂ ಅದು ತೋರಿಸುತ್ತಿದ್ದುದು ಅವಳಿಗೆ ಬಾರದ ಭಾಷೆಯನ್ನೇ.

ಆಕಾಶ್ ಬರುವ ಹತ್ತು ವರ್ಷ ಮೊದಲೇ ಇದಕ್ಕೆ ನಮ್ಮ ಬೆಂಗಳೂರಿನಲ್ಲಿ ಉತ್ತರ ಹುಡುಕಿದ್ದರು ಎಂದು ಕಂಪ್ಯೂಟರ್ ಸರ್ ಹೇಳಿದಾಗ ನಾನು ನಂಬಲಿಲ್ಲ. ಅದರ ಹೆಸರು ಸಿಂಪ್ಯೂಟರ್. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಎಂಬ ಕಂಪನಿ ಸೇರಿ 2001ರಲ್ಲಿ ಅದನ್ನು ತೋರಿಸಿದರು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಪರದೆಯ ಮೇಲೆ ಕಡ್ಡಿಯಿಂದ ಮುಟ್ಟಿದರೆ ಕೆಲಸ ಮಾಡುತ್ತಿತ್ತು. ಕನ್ನಡ ತೋರಿಸುವುದಷ್ಟೇ ಅಲ್ಲ, ಓದು ಬಾರದವರಿಗಾಗಿ ಕನ್ನಡವನ್ನು ಗಟ್ಟಿಯಾಗಿ ಓದಿಯೂ ಹೇಳುತ್ತಿತ್ತು. ಇನ್ನೊಂದು ಉಪಾಯವೂ ಇತ್ತು. ಊರಿಗೆ ಒಂದೇ ಯಂತ್ರ ಸಾಕು, ಪ್ರತಿಯೊಬ್ಬರ ಹತ್ತಿರ ಒಂದು ಸ್ಮಾರ್ಟ್ ಕಾರ್ಡ್ ಇರಲಿ; ಕಾರ್ಡ್ ಹಾಕಿದವನ ಲೆಕ್ಕ, ಮಾಹಿತಿ ತೆರೆಯಲಿ. 2004ರಲ್ಲಿ ಬಿಇಎಲ್ ಕಾರ್ಖಾನೆಯಲ್ಲಿ ತಯಾರಾಗಿ ‘ಅಮಿಡಾ’ ಹೆಸರಿನಲ್ಲಿ ಮಾರುಕಟ್ಟೆಗೂ ಬಂತು. ಬೆಲೆ ಹತ್ತು ಸಾವಿರದ ಆಸುಪಾಸಿನಿಂದ ಶುರುವಾಗುತ್ತಿತ್ತು. ಅಂದುಕೊಂಡಷ್ಟು ಮಾರಾಟವಾಗಲಿಲ್ಲ. ಈಗ ಅದನ್ನು ಕಂಡವರೇ ಕಡಿಮೆ.

ಸಿಂಪ್ಯೂಟರ್ ಸೋತದ್ದನ್ನು ನೋಡಿ ದೆಹಲಿಯವರು ಬೆಲೆ ಇಳಿಸುವುದನ್ನು ಕಲಿತರು ಎಂದೇ ಇಟ್ಟುಕೊಳ್ಳೋಣ. ಭಾಷೆಯನ್ನೂ ಕಾರ್ಡನ್ನೂ ಯಾಕೆ ಬಿಟ್ಟರು? ಎನ್‌ಸಿಇಆರ್‌ಟಿ ಪುಸ್ತಕಗಳು ಇಂಗ್ಲಿಷ್, ಹಿಂದಿ, ಉರ್ದುವಿನಲ್ಲಿ ಅಂತರ್ಜಾಲದಲ್ಲಿ ಆಗ ಪುಕ್ಕಟೆ ಸಿಗುತ್ತಿದ್ದವು, ಕನ್ನಡದಲ್ಲಿ ಇರಲಿಲ್ಲ. ಅಂದರೆ ನನ್ನ ಗೆಳತಿಗಾದರೂ ಓದಲು ಏನೋ ಒಂದು ಸಿಗುತ್ತಿತ್ತು, ಪಕ್ಕದ ಬೆಂಚಿನ ಕನ್ನಡ ಮಾಧ್ಯಮದವರಿಗೆ ಅದೂ ಇರಲಿಲ್ಲ.

ದೆಹಲಿಯವರು ನಮ್ಮ ಪತ್ರಿಕೆ ಓದುವುದಿಲ್ಲ. ಹಾಗಾಗಿ ನಮ್ಮ ಪ್ರಿನ್ಸಿಪಾಲರಿಗೂ ಆಡಳಿತ ಮಂಡಳಿಯವರಿಗೂ ಒಂದು ವಿನಂತಿ. ಇದೇ ಟ್ಯಾಬ್ಲೆಟ್ ಅಂಗಡಿಗೆ ಬರುವಾಗ 2,999 ರೂಪಾಯಿ ಎಂದು ಕಂಪನಿ 2011ರಲ್ಲಿ ಹೇಳಿತ್ತು. ಐದು ಕೊಂಡರೆ 14,995. ವಾಣಿಜ್ಯ ವಿಭಾಗದ ಎರಡೂ ವರ್ಷದ ನಾವು 120 ಮಂದಿ ಇದ್ದೇವೆ, ತಲೆಗೆ 125 ಬೀಳುತ್ತದೆ. ಲೈಬ್ರರಿಯಲ್ಲಿ ಇಡಿ, ಯಾರೂ ಮನೆಗೆ ಒಯ್ಯುವುದು ಬೇಡ. ಕನ್ನಡ ಅಕ್ಷರ ಮೂಡದಿದ್ದರೂ ಚಿತ್ರ ಮೂಡುತ್ತದಲ್ಲ? ನಮ್ಮ ಉಪನ್ಯಾಸಕರು ಕೈಯಿಂದ ಬರೆದ ಕನ್ನಡ ನೋಟ್ಸನ್ನು ಆಫೀಸಿನ ಸ್ಕ್ಯಾನರ್‌ನಲ್ಲಿ ಹಾಕಿ ಪುಟಗಳ ಚಿತ್ರ ಮಾಡಿದರೆ ಆಂಡ್ರಾಯ್ಡ್ ಅದನ್ನು ಡಬ್ಬಿ ಮಾಡಲಾರದು. ಪಕ್ಕದಲ್ಲಿ ಮೂರು ಭಾಷೆಯ ಪದಗಳ ಒಂದು ಪಟ್ಟಿ ಇರಲಿ: ಲೆಡ್ಜರ್, ಖಾತಾ ಪುಸ್ತಕ, ಬಹೀಖಾತಾ. ಉರ್ದು ಸಾಲನ್ನು ನಾನೇ ಬರೆದುಕೊಡುತ್ತೇನೆ, ತಪ್ಪಿದ್ದರೆ ಉರ್ದು ಮೇಡಂ ತಿದ್ದಲಿ.

ಕಾರ್ಡ್ ಮಾತ್ರ ಪ್ರತಿಯೊಬ್ಬರೂ ತಮ್ಮದೇ ತರಬೇಕು. ಬಕ್ರೀದ್‌ಗೆ ಇಚಲಕರಂಜಿಯಿಂದ ಬಂದಿದ್ದ ಚಾಚಾನ ಮಗ ತನ್ನ ಹಳೇ ಮೊಬೈಲಿನ 2 ಜಿಬಿ ಕಾರ್ಡ್ ನನಗೆ ಕೊಟ್ಟು ಹೋಗಿದ್ದಾನೆ. ಅದರಲ್ಲಿದ್ದ ಸಿನಿಮಾ ಹಾಡುಗಳನ್ನು ನಿನ್ನೆಯೇ ಅಳಿಸಿದ್ದೇನೆ.