ಗೂಡು ಕೀಳುವ ಮೊದಲು ಶೆಡ್ಡಿನ ತೊಲೆ ನೋಡಿ

ಬೆಂಗಳೂರಿನ ಸಿ.ವಿ. ರಾಮನ್ ನಗರದ ಕಡೆಯ ಪಾರ್ಕುಗಳಲ್ಲಿ ವಾಕಿಂಗ್ ಬರುವ ಹಿರಿಯರು ಕೂರಲೆಂದು ಬೆಂಚು ಹಾಕಿ ಮೇಲೆ ಶೆಡ್ಡು ಕಟ್ಟಿರುತ್ತಾರೆ. ತೊಲೆಯ ಮೇಲೆ ಪಾರಿವಾಳ, ಶೀಟಿನ ಸಂದಿಯಲ್ಲಿ ಮೈನಾ ಸಂಸಾರ ಹೂಡುತ್ತವೆ. ಬೆಂಚಿನ ತುಂಬ ಹಿಕ್ಕೆ. ಮಳೆ ಬಂದರೂ ಜನ ಒಳಗೆ ಕೂರಲು ಹಿಂಜರಿಯುತ್ತಾರೆ. ಇದು ಸಿಟಿಯವರ ಗೋಳು ಅಂದುಕೊಳ್ಳಬೇಡಿ. ನಮ್ಮೂರಿನ ಬಸ್ ತಂಗುದಾಣ, ಶಾಲೆಯ ಜಗಲಿ, ಸಂತೆ ಶೆಡ್ಡು ನೋಡಿ, ಅಲ್ಲೂ ಇದೇ ಕತೆ.

ದೂರು ಹೋದರೆ ಸಾಮಾನ್ಯವಾಗಿ ಆಗುವುದು ಒಂದೇ. ಯಾರೋ ಉದ್ದನೆಯ ಕೋಲು ತಂದು ಗೂಡು ಕೆಡವುತ್ತಾರೆ. ಮೊಟ್ಟೆ ಒಡೆಯುತ್ತದೆ, ಕಣ್ಣು ಬಿಡದ ಮರಿ ನೆಲಕ್ಕೆ ಬೀಳುತ್ತದೆ. ಸ್ವಲ್ಪ ದಿನಕ್ಕೆ ಅದೇ ತೊಲೆಯ ಮೇಲೆ ಮತ್ತೆ ಕಡ್ಡಿ ಬಂದು ಕೂರುತ್ತದೆ. ಇದು ಕ್ರೌರ್ಯ ಮಾತ್ರವಲ್ಲ, ದಂಡದ ಕೆಲಸವೂ ಹೌದು ಎಂಬುದು ನಮ್ಮ ಅಭಿಪ್ರಾಯ. ಕಾನೂನೂ ಇದನ್ನು ಹಗುರವಾಗಿ ನೋಡುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಕಾಡುಹಕ್ಕಿಗಳ ಮೊಟ್ಟೆಗೆ ಹಾನಿ ಮಾಡುವುದನ್ನೂ ಗೂಡು ಕದಡುವುದನ್ನೂ ‘ಬೇಟೆ’ ಎಂಬ ಮಾತಿನ ಅರ್ಥದಲ್ಲೇ ಸೇರಿಸಿದೆ.

ಕೊಂದರೆ ಕಡಿಮೆಯಾಗುತ್ತವೆ ಎನ್ನುವವರು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರವನ್ನು ನೋಡಬೇಕು. 1961ರಿಂದ 1985ರವರೆಗೆ ಅಲ್ಲಿ ಸುಮಾರು 1 ಲಕ್ಷ ಪಾರಿವಾಳಗಳನ್ನು ಕೊಂದರು. ಸಂಖ್ಯೆ ಇಳಿಯಲಿಲ್ಲ. 1988ರಲ್ಲಿ ದಾರಿ ಬದಲಿಸಿದರು. ಪಾರಿವಾಳಕ್ಕೆ ಕಾಳು ಹಾಕಬೇಡಿ ಎಂದು ಜನರಿಗೆ ತಿಳಿಹೇಳಿದರು, ಅವಕ್ಕೆಂದೇ ಬೇರೆ ಗೂಡುಮನೆಗಳನ್ನು ಕಟ್ಟಿ ಅಲ್ಲಿ ಮೊಟ್ಟೆಗಳನ್ನು ಹತೋಟಿಯಲ್ಲಿಟ್ಟರು. ನಾಲ್ಕೈದು ವರ್ಷದಲ್ಲಿ ಹಕ್ಕಿಗಳ ಸಂಖ್ಯೆ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ನಮ್ಮಲ್ಲಿ ಕಾಳು ಹಾಕುವುದು ಪುಣ್ಯದ ಕೆಲಸ. 2025ರಲ್ಲಿ ಮುಂಬೈನ ದಾದರ್ ಕಬೂತರ್‌ಖಾನೆ ಮುಚ್ಚಿದಾಗ ಎಷ್ಟು ಗಲಾಟೆ ಆಯಿತೆಂದು ಎಲ್ಲರೂ ನೋಡಿದ್ದೇವೆ. ನಂಬಿಕೆ ಇರಲಿ, ಆದರೆ ಜನ ಕೂರುವ ಶೆಡ್ಡಿನ ಹತ್ತಿರ ಕಾಳು ಬೇಡ ಎನ್ನುವುದಕ್ಕೆ ಯಾರ ನಂಬಿಕೆಯೂ ಅಡ್ಡ ಬರಬೇಕಿಲ್ಲ.

ಇನ್ನು ಮೊಳೆಪಟ್ಟಿ. ಅಂಗಡಿಯಲ್ಲಿ ಸಿಗುತ್ತದೆ, ಹಾಕುವುದೂ ಸುಲಭ. ಆದರೆ 2023ರಲ್ಲಿ ನೆದರ್ಲೆಂಡ್ಸ್ ಸಂಶೋಧಕರು ತೋರಿಸಿದ ಸಂಗತಿ ಕೇಳಿ: ಅಲ್ಲಿನ ಕಾಗೆ ಮತ್ತು ಕಾಗೆ ಜಾತಿಯ ಹಕ್ಕಿಗಳು ಕಟ್ಟಡಗಳ ಮೇಲಿನ ಮೊಳೆಪಟ್ಟಿಯನ್ನೇ ಕಿತ್ತು ತಂದು ಗೂಡು ಕಟ್ಟಿಕೊಂಡಿದ್ದವು! ಅಂಟು ಹಚ್ಚುವುದಂತೂ ಬೇಡವೇ ಬೇಡ. ರೆಕ್ಕೆಗೆ ಅಂಟು ಮೆತ್ತಿದ ಹಕ್ಕಿ ನರಳಿ ಸಾಯುತ್ತದೆ.

ಹಾಗಾದರೆ ಏನು ಮಾಡಬೇಕು? ಪಾರಿವಾಳದ ಮೂಲ ಮನೆ ಕಡಿದಾದ ಬಂಡೆಯ ಚಾಚು. ಅದರ ಕಣ್ಣಿಗೆ ನಮ್ಮ ಶೆಡ್ಡಿನ ಚಪ್ಪಟೆ ತೊಲೆಯೂ ಬಂಡೆಯ ಚಾಚೇ. ಮೈನಾಗೆ ಬೇಕಿರುವುದು ಪೊಟರೆ. ಶೀಟು ಮತ್ತು ಗೋಡೆ ನಡುವಿನ ಸಂದಿ ಅದಕ್ಕೆ ಪೊಟರೆ. ಆದ್ದರಿಂದ ಕೆಲಸ ಆಗಬೇಕಿರುವುದು ತೊಲೆ ಮತ್ತು ಸಂದಿಯಲ್ಲಿ.

ತೊಲೆಯ ಮೇಲೆ ತಗಡನ್ನು 45 ಡಿಗ್ರಿಗಿಂತ ಕಡಿದಾಗಿ ಇಳಿಜಾರು ಮಾಡಿ ಬಿಗಿದರೆ ಗೂಡಿನ ಕಡ್ಡಿ ನಿಲ್ಲುವುದಿಲ್ಲ. ಹೊಸ ಶೆಡ್ಡಾದರೆ ಚಪ್ಪಟೆ ತೊಲೆಯ ಬದಲು ದುಂಡು ಪೈಪ್ ಹಾಕಬಹುದು. ಹಕ್ಕಿ ಕೂರಬಹುದು, ಗೂಡು ಕಟ್ಟುವುದು ಕಷ್ಟ. ಸಂದಿಗಳನ್ನು ಕಟ್ಟುವಾಗಲೇ ಮುಚ್ಚಬೇಕು. ಬಲೆ ಹಾಕುವುದಾದರೆ ಪಾರಿವಾಳಕ್ಕೆ 50 ಮಿ.ಮೀ. ಕಣ್ಣಿನದು ಸಾಕು, ಗುಬ್ಬಿಯನ್ನೂ ತಡೆಯಬೇಕೆಂದರೆ 19 ಮಿ.ಮೀ. ಬೇಕು. ಬಲೆ ಬಿಗಿಯಾಗಿರಬೇಕು. ಜೋತುಬಿದ್ದ, ಹರಿದ ಬಲೆಯೊಳಗೆ ಹಕ್ಕಿ ಸಿಕ್ಕಿ ಸಾಯುತ್ತದೆ. ಈ ಯಾವುದಕ್ಕೂ ದೊಡ್ಡ ಎಂಜಿನಿಯರ್ ಬೇಕಿಲ್ಲ, ಊರಿನ ವೆಲ್ಡಿಂಗ್ ಅಂಗಡಿಯವರು ಮಾಡಿಕೊಡುತ್ತಾರೆ.

ಈಗಾಗಲೇ ಮೊಟ್ಟೆ ಇದ್ದರೆ? ಕಾಯಬೇಕು. ಪಾರಿವಾಳದ ಮೊಟ್ಟೆ ಒಡೆಯಲು 17ರಿಂದ 19 ದಿನ, ಮರಿ ಹಾರಲು ಮತ್ತೆ ನಾಲ್ಕೈದು ವಾರ. ಎರಡು ತಿಂಗಳ ಮಾತು. ಅಲ್ಲಿಯವರೆಗೆ ಗೂಡಿಗಿಂತ ಎರಡಡಿ ಕೆಳಗೆ ಒಂದು ಅಗಲದ ಹಲಗೆ ಕಟ್ಟಿದರೆ ಹಿಕ್ಕೆ ಬೆಂಚಿಗೆ ಬೀಳುವುದಿಲ್ಲ. ಮರಿ ಹಾರಿದ ಮೇಲೆ ತಡ ಮಾಡಬಾರದು. ಪಾರಿವಾಳ ವರ್ಷಕ್ಕೆ ಹಲವು ಸಲ ಮೊಟ್ಟೆ ಇಡುತ್ತದೆ. ಹಾಗಾಗಿ ಆ ವಾರವೇ ತೊಲೆ ಮುಚ್ಚಬೇಕು. ಮೈನಾಗೆ, ಗುಬ್ಬಿಗೆ ಬೆಂಚಿನಿಂದ ದೂರದ ಮರದಲ್ಲೋ ಗೋಡೆಯಲ್ಲೋ ಗೂಡುಪೆಟ್ಟಿಗೆ ಇಟ್ಟರೆ ಅವಕ್ಕೂ ಒಂದು ನೆಲೆ ಆಯಿತು.

ಜಾಗ ಸರಿಯಿದ್ದರೆ ಹಿಕ್ಕೆಯೂ ಹೊರೆಯಲ್ಲ ಎಂದು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನವರು ತೋರಿಸಿಕೊಟ್ಟಿದ್ದಾರೆ. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಊರವರು ಅವನ್ನು ಕಾಣುತ್ತಾರೆ. ಹಿಕ್ಕೆ ಹೊಲಕ್ಕೆ ಗೊಬ್ಬರ. ಮರದ ಮಾಲೀಕರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. 2007ರಲ್ಲಿ ಅದು ಸಮುದಾಯ ಸಂರಕ್ಷಿತ ಪ್ರದೇಶವೂ ಆಯಿತು. ಹೊಲಕ್ಕೆ ಬಿದ್ದರೆ ಗೊಬ್ಬರ, ಬೆಂಚಿಗೆ ಬಿದ್ದರೆ ಗಲೀಜು, ಅಷ್ಟೇ ವ್ಯತ್ಯಾಸ.

ಈ ಚರ್ಚೆಯಲ್ಲಿ ಯಾರೂ ಕೇಳದ ಒಬ್ಬರಿದ್ದಾರೆ, ದಿನಾ ಅದನ್ನು ಗುಡಿಸುವವರು. ಒಣಗಿದ ಹಿಕ್ಕೆಯ ಪುಡಿ ಉಸಿರಲ್ಲಿ ಸೇರಿದರೆ ಶ್ವಾಸಕೋಶದ ಕಾಯಿಲೆ ಬರಬಹುದು. ಮೊದಲು ನೀರು ಚಿಮುಕಿಸಿ, ಮಾಸ್ಕ್ ಮತ್ತು ಕೈಗವಸು ಹಾಕಿಕೊಂಡು ತೆಗೆಯಬೇಕು. ಬರಿ ಪೊರಕೆ ಕೊಟ್ಟು ‘ಗುಡಿಸಿ’ ಅನ್ನುವುದು ಹಕ್ಕಿಯ ತಪ್ಪಲ್ಲ, ನಮ್ಮದು.

ಮುಂದಿನ ಗ್ರಾಮಸಭೆಯಲ್ಲಿ ಹೊಸ ತಂಗುದಾಣದ ವಿಷಯ ಬಂದರೆ ಬಿಲ್ಲು ಎಷ್ಟಾಯಿತು ಎಂದು ಕೇಳುವ ಮೊದಲೇ ನಕ್ಷೆ ತೋರಿಸಿ ಅನ್ನಿ. ತೊಲೆ ಚಪ್ಪಟೆಯೋ ದುಂಡೋ, ಸಂದಿ ಮುಚ್ಚುತ್ತಾರೋ ಇಲ್ಲವೋ, ಗುಡಿಸುವವರಿಗೆ ಮಾಸ್ಕ್ ಕೊಡುತ್ತಾರೋ ಇಲ್ಲವೋ ಕೇಳಿ. ಹಳೆಯ ಶೆಡ್ಡಿದ್ದರೆ ಮರಿ ಹಾರಿದ ಮೇಲೆ ತಗಡು ಬಿಗಿಸಲು ಒಂದು ಅರ್ಜಿ ಕೊಡಿ. ನಿಮ್ಮೂರಲ್ಲಿ ಇಂಥ ಕೆಲಸ ಆಗಿದ್ದರೆ ಫೋಟೊ ತೆಗೆದು ನಮಗೆ ಕಳಿಸಿ, ಪಕ್ಕದ ಊರಿನವರಿಗೆ ತೋರಿಸುತ್ತೇವೆ.